ಗಾಜಿನ ತೊಟ್ಟಿಯೂ ಮನೆಯ ಹಿಂದಿನ ತೋಡೂ



ನೆಂಟರ ಮನೆಯ ಚಾವಡಿಯಲ್ಲೋ, ವೈದ್ಯರ ಕೊಠಡಿಯ ಹೊರಗೋ ಗಾಜಿನ ತೊಟ್ಟಿಯೊಂದರಲ್ಲಿ ಬಣ್ಣದ ಮೀನುಗಳು ಈಜುವುದನ್ನು ನೀವು ನೋಡಿಯೇ ಇರುತ್ತೀರಿ. ದೊಡ್ಡವರು ಮಾತಿನಲ್ಲಿ ತೊಡಗಿರುವಾಗ ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ಅಲ್ಲೇ ನಿಂತುಬಿಡುತ್ತಾರೆ. ಆ ತೊಟ್ಟಿಯಲ್ಲಿರುವ ಚಿನ್ನದ ಮೀನಿನ ಮೂಲ ಚೀನಾ. ಗಪ್ಪಿ ಮತ್ತು ಏಂಜೆಲ್ ಮೀನುಗಳು ದಕ್ಷಿಣ ಅಮೆರಿಕದವು. ಅಂಗಡಿಗೆ ಹೋಗಿ ಕೇಳಿದರೆ ಇವೆಲ್ಲದರ ಹೆಸರನ್ನು ಥಟ್ಟನೆ ಹೇಳುತ್ತಾರೆ.

ಅದೇ ಮನೆಯ ಹಿಂದಿನ ತೋಡಿನಲ್ಲಿ, ಗದ್ದೆಯ ಬದುವಿನ ಪಕ್ಕ ನಿಂತ ನೀರಿನಲ್ಲಿ, ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಇಟ್ಟಂತಿರುವ ಒಂದು ಪುಟ್ಟ ಮೀನು ನೀರಿನ ಮೇಲ್ಭಾಗದಲ್ಲೇ ಸುಳಿದಾಡುತ್ತಿರುತ್ತದೆ. ಬೈರಾಸು ಹಿಡಿದು ಅದನ್ನು ಬಾಟಲಿಗೆ ತುಂಬಿಸಿದ ಬಾಲ್ಯ ನಮ್ಮಲ್ಲಿ ಅನೇಕರಿಗೆ ಇದೆ. ಆದರೆ ಅದರ ಹೆಸರೇನೆಂದು ಕೇಳಿದರೆ ‘ಅದು ಯಾವುದೋ ಸಣ್ಣ ಮೀನು’ ಎಂಬ ಉತ್ತರವೇ ಸಿಗುತ್ತದೆ. ಸಾವಿರಾರು ಮೈಲು ದೂರದ ನದಿಯ ಮೀನಿನ ಹೆಸರು ಗೊತ್ತಿದೆ, ಮನೆಯ ಹಿಂದಿನದ್ದು ಗೊತ್ತಿಲ್ಲ. ಈ ಪರಿಸ್ಥಿತಿ ಹೇಗೆ ಬಂತು? ಇದನ್ನು ತಿಳಿಯಲು ಗಾಜಿನ ತೊಟ್ಟಿಯ ಚರಿತ್ರೆಯತ್ತ ಒಮ್ಮೆ ಕಣ್ಣು ಹಾಯಿಸಬೇಕಾಗುತ್ತದೆ. ಸುಮಾರು 190 ವರ್ಷಗಳ ಈ ಚರಿತ್ರೆಯಲ್ಲಿ ಮನುಷ್ಯನ ಕುತೂಹಲವೂ ಇದೆ, ಅವನ ದುರಾಸೆಯೂ ಇದೆ. ಎರಡರಿಂದಲೂ ನಾವು ಕಲಿಯಬೇಕಾದದ್ದು ಬಹಳಷ್ಟಿದೆ.

ಕಸೂತಿ ಕೆಲಸದ ಹೆಣ್ಣುಮಗಳು

ಮೀನು ಸಾಕುವುದು ಬಹಳ ಹಳೆಯ ಕಲೆ. ಚೀನಾದಲ್ಲಿ ಸಾಂಗ್ ಅರಸರ ಕಾಲದಲ್ಲೇ ಚಿನ್ನದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಆದರೆ ಕೊಳದ ಮೀನನ್ನು ನಾವು ಮೇಲಿನಿಂದ ಮಾತ್ರ ನೋಡಬಲ್ಲೆವು. ನೀರಿನೊಳಗಿನ ಬದುಕನ್ನು ಪಕ್ಕದಿಂದ, ಮುಖಾಮುಖಿಯಾಗಿ ನೋಡುವ ಅವಕಾಶ ಸಿಕ್ಕಿದ್ದು ಗಾಜಿನ ತೊಟ್ಟಿ ಬಂದ ಮೇಲೆ. ಅಧ್ಯಯನಕ್ಕಾಗಿ ಅಂತಹ ತೊಟ್ಟಿಗಳನ್ನು ಮೊದಲು ಮಾಡಿಸಿಕೊಂಡವರು ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ಫ್ರಾನ್ಸಿನ ಹಳ್ಳಿಯೊಂದರಲ್ಲಿ ಚಮ್ಮಾರನ ಮಗಳಾಗಿ 1794ರಲ್ಲಿ ಜನಿಸಿದ ಜೀನ್ ವಿಲ್‌ಪ್ರೋ ಎಂಬ ಮಹಿಳೆ.

ಆಕೆ ಹದಿನೆಂಟರ ಹರೆಯದಲ್ಲಿ ಪ್ಯಾರಿಸ್ಸಿಗೆ ಹೋಗಿ ಬಟ್ಟೆ ಹೊಲಿಯುವ ಕೆಲಸ ಕಲಿತರು. 1816ರಲ್ಲಿ ರಾಜಕುಮಾರಿಯೊಬ್ಬಳ ಮದುವೆಯ ಉಡುಪಿಗೆ ಕಸೂತಿ ಹಾಕಿ ಹೆಸರು ಪಡೆದರು. ಜೇಮ್ಸ್ ಪವರ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿ ನೆಲೆಸಿದ ಬಳಿಕ, ಗುರುಗಳ ನೆರವಿಲ್ಲದೆ ತಾನೇ ಓದಿ ಪ್ರಕೃತಿ ವಿಜ್ಞಾನವನ್ನು ಅಭ್ಯಾಸ ಮಾಡಿದರು.

ಆ ಕಡಲಿನಲ್ಲಿ ಆರ್ಗೊನಾಟ್ ಎಂಬ ಅಷ್ಟಪದಿಯ ಜಾತಿಯ ಪ್ರಾಣಿಯಿದೆ. ಹೆಣ್ಣಿಗೆ ಕಾಗದದಷ್ಟು ತೆಳುವಾದ ಸುಂದರ ಚಿಪ್ಪಿರುತ್ತದೆ. ಆ ಚಿಪ್ಪನ್ನು ಅದು ತಾನೇ ಕಟ್ಟಿಕೊಳ್ಳುತ್ತದೆಯೇ ಅಥವಾ ಬೇರೆ ಪ್ರಾಣಿಯ ಚಿಪ್ಪಿನೊಳಗೆ ಹೊಕ್ಕು ಕುಳಿತುಕೊಳ್ಳುತ್ತದೆಯೇ ಎಂಬ ವಿಚಾರದಲ್ಲಿ ವಿದ್ವಾಂಸರ ನಡುವೆ ವಾದ ನಡೆಯುತ್ತಲೇ ಇತ್ತು. ಸತ್ತ ಪ್ರಾಣಿಯನ್ನು ಮೇಜಿನ ಮೇಲಿಟ್ಟು ವಾದಿಸಿದರೆ ಇದು ಬಗೆಹರಿಯದು, ಬದುಕಿರುವ ಪ್ರಾಣಿಯನ್ನು ದಿನವೂ ನೋಡಬೇಕು ಎಂದು ಆಕೆ ತೀರ್ಮಾನಿಸಿದರು. 1832ರ ಹೊತ್ತಿಗೆ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಕಡಲ ನೀರು ತುಂಬಿಸಿ, ಆರ್ಗೊನಾಟ್‌ಗಳನ್ನು ಸಾಕತೊಡಗಿದರು. ಸಮುದ್ರದಲ್ಲೇ ಇಳಿಬಿಡುವ ಪಂಜರಗಳನ್ನೂ ಮಾಡಿಸಿದರು. ಚಿಪ್ಪಿನ ಒಂದು ತುಂಡನ್ನು ಮುರಿದಾಗ ಪ್ರಾಣಿಯು ತಾನೇ ಅದನ್ನು ದುರಸ್ತಿ ಮಾಡಿಕೊಳ್ಳುವುದನ್ನು ಕಣ್ಣಾರೆ ಕಂಡರು. ಚಿಪ್ಪು ಅದರದ್ದೇ ಎಂಬುದು ಹೀಗೆ ಸಿದ್ಧವಾಯಿತು. ಸೂಜಿ ಹಿಡಿದ ಕೈಗೆ ಇದ್ದ ತಾಳ್ಮೆ ವಿದ್ವಾಂಸರ ವಾದವನ್ನು ಮುಗಿಸಿತು.

ನೀರು ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕಡಲ ದಂಡೆಯಲ್ಲಿ ಇದ್ದವರಿಗೆ ದಿನವೂ ಹೊಸ ನೀರು ಸಿಗುತ್ತದೆ. ದೂರದ ನಗರದಲ್ಲಿರುವವರ ಗತಿಯೇನು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ಲಂಡನ್ನಿನ ಆನಾ ಥಿನ್. ಪಾದ್ರಿಯೊಬ್ಬರ ಪತ್ನಿಯಾಗಿದ್ದ ಆಕೆ 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರದಲ್ಲಿ ಹವಳದ ಜಾತಿಯ ಜೀವಿಗಳನ್ನು ಕಂಡು ಬೆರಗಾದರು. ಸೂಜಿ ದಾರದಿಂದ ಅವನ್ನು ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ನೀರು ಕೆಡದಿರಲು ಮನೆಯ ಕೆಲಸದಾಕೆ ಪ್ರತಿದಿನ ಅರ್ಧ ಮುಕ್ಕಾಲು ಗಂಟೆ ಕಿಟಕಿಯ ಬಳಿ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಸುರಿಯುತ್ತಿದ್ದಳು. ನಾವು ಬಿಸಿ ಚಹಾ ಆರಿಸುತ್ತೇವಲ್ಲ, ಹಾಗೆ. ಇಂದು ತೊಟ್ಟಿಯಲ್ಲಿ ಗುಳುಗುಳು ಎನ್ನುವ ಗಾಳಿ ಪಂಪು ಮಾಡುವ ಕೆಲಸವನ್ನು ಅಂದು ಒಬ್ಬ ಹೆಣ್ಣುಮಗಳ ತೋಳುಗಳು ಮಾಡಿದವು. ಚರಿತ್ರೆಯ ಪುಟಗಳಲ್ಲಿ ಯಜಮಾನಿಯ ಹೆಸರು ಪ್ರಸಿದ್ಧವಾಯಿತು, ಕೆಲಸದಾಕೆ ‘ಕೆಲಸದಾಕೆ’ ಆಗಿಯೇ ಉಳಿದಳು. ಮುಂದೆ ಆನಾ ಥಿನ್ ಕಡಲ ಸಸ್ಯಗಳನ್ನು ಜೊತೆಗಿಟ್ಟು ನೀರನ್ನು ಸುಸ್ಥಿತಿಯಲ್ಲಿಡುವ ದಾರಿಯನ್ನು ಕಂಡುಕೊಂಡರು. ಆಕೆಯ ಅವಲೋಕನಗಳು 1859ರಲ್ಲಿ ‘ಆನಲ್ಸ್ ಅಂಡ್ ಮ್ಯಾಗಜೀನ್ ಆಫ್ ನ್ಯಾಚುರಲ್ ಹಿಸ್ಟರಿ’ ಎಂಬ ಪತ್ರಿಕೆಯಲ್ಲಿ ಪ್ರಕಟವಾದವು. ಈ ಪತ್ರಿಕೆಯ ಹೆಸರನ್ನು ನೆನಪಿಡಿ, ಮುಂದೆ ಅದು ಮತ್ತೊಮ್ಮೆ ಬರಲಿದೆ.

ಇದೇ ಸಮಯದಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನ ವಿಜ್ಞಾನಿ ಸಿಹಿನೀರಿನಲ್ಲಿ ಪ್ರಯೋಗ ನಡೆಸಿದರು. ತೊಟ್ಟಿಯಲ್ಲಿ ಚಿನ್ನದ ಮೀನುಗಳನ್ನೂ ನೀರಿನ ಗಿಡಗಳನ್ನೂ ಇಟ್ಟರು. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ, ಮೀನು ಹೊರಬಿಟ್ಟದ್ದು ಗಿಡಕ್ಕೆ ಬೇಕಾಗುತ್ತದೆ. ಆದರೂ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆಗ ಅವರು ಕೆಲವು ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅವರು ಇದನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಯಾರೂ ಲೆಕ್ಕಕ್ಕೆ ಹಿಡಿಯದ ಬಸವನಹುಳುವಿಗೂ ಸೃಷ್ಟಿಯಲ್ಲಿ ಒಂದು ಉದ್ಯೋಗವಿದೆ ಎಂಬುದು ಆ ಪುಟ್ಟ ತೊಟ್ಟಿಯಲ್ಲಿ ಸ್ಪಷ್ಟವಾಗಿ ಕಂಡಿತು.

ವಾರಿಂಗ್‌ಟನ್ ಅವರ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ಮೀನಿಗೇ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಕೆಲಸ ಜೀವಿಗಳಿಂದಲೇ ಆಗುತ್ತದೆ ಎಂದು 1877ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ಹಲವು ವಾರಗಳೇ ಬೇಕು. ಇಂದು ತೊಟ್ಟಿ ತಂದು, ಇಂದೇ ಹತ್ತು ಮೀನು ಬಿಟ್ಟು, ವಾರದೊಳಗೆ ಎಲ್ಲವೂ ಸತ್ತಾಗ ಅಂಗಡಿಯವನನ್ನು ಬಯ್ಯುವವರು ಈ ಸಂಗತಿಯನ್ನು ಗಮನಿಸಬೇಕು.

ಕಡಲತೀರಕ್ಕೆ ಹಿಡಿದ ಜ್ವರ

ಈ ಎಲ್ಲ ಪ್ರಯೋಗಗಳನ್ನು ಜನಸಾಮಾನ್ಯರ ಮನೆಗೆ ತಲುಪಿಸಿದವರು ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಅದಕ್ಕೆ ಬೇಕಾದ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಪ್ರಮುಖರು. ಮರುವರ್ಷ ಅವರು ಬರೆದ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಇಂದು ನಾವೆಲ್ಲ ಬಳಸುವ ಅಕ್ವೇರಿಯಂ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಗಾಸ್ ಅವರಿಂದಲೇ. ಕಡಲಿನಿಂದ ದೂರ ಇರುವವರಿಗಾಗಿ ಉಪ್ಪುಗಳನ್ನು ಬೆರೆಸಿ ಕೃತಕ ಸಮುದ್ರದ ನೀರನ್ನು ತಯಾರಿಸುವ ವಿಧಾನವನ್ನೂ ಅವರು ತಿಳಿಸಿಕೊಟ್ಟರು.

ಕಾಲವೂ ಅನುಕೂಲವಾಗಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಕಡಲತೀರದ ಊರುಗಳನ್ನು ತಲುಪಿತ್ತು. ಶ್ರೀಮಂತರು, ಮಧ್ಯಮ ವರ್ಗದವರು, ಗಂಡಸರು, ಹೆಂಗಸರು ಎನ್ನದೆ ಎಲ್ಲರೂ ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ಬಂಡೆಗಳ ನಡುವಿನ ನೀರಿನ ಗುಂಡಿಗಳಿಗೆ ಇಳಿದರು. ಹೂವಿನಂತೆ ಅರಳುವ ಕಡಲ ಪ್ರಾಣಿಗಳನ್ನು, ನಕ್ಷತ್ರ ಮೀನುಗಳನ್ನು, ಪಾಚಿಯನ್ನು ಬಾಚಿ ಮನೆಗೆ ಹೊತ್ತೊಯ್ದರು. ಹೆಚ್ಚಿನವರಿಗೆ ಅವನ್ನು ಸಾಕಲು ತಿಳಿಯದು. ಕೆಲವೇ ದಿನಗಳಲ್ಲಿ ನೀರು ನಾರುತ್ತಿತ್ತು, ಎಲ್ಲವನ್ನೂ ಚೆಲ್ಲಿ ಮತ್ತೆ ತರಲು ಹೋಗುತ್ತಿದ್ದರು. 1860ರ ದಶಕ ಮುಗಿಯುವ ಹೊತ್ತಿಗೆ ಈ ಹುಚ್ಚು ಇಳಿದಿತ್ತು. ಆದರೆ ಹಲವೆಡೆ ಗುಂಡಿಗಳು ಆಗಲೇ ಬರಿದಾಗಿದ್ದವು.

ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ತಂದೆಯೊಂದಿಗೆ ನೋಡಿದ್ದ ಆ ಗುಂಡಿಗಳ ಸೌಂದರ್ಯ ಹೇಗೆ ಹಾಳಾಯಿತೆಂದು ನೊಂದು ಬರೆದಿದ್ದಾರೆ. ತನ್ನ ಪುಸ್ತಕಗಳೇ ಆ ಲೂಟಿಗೆ ದಾರಿಯಾದವು ಎಂಬ ನೋವು ತಂದೆಗೂ ಇತ್ತೆಂದು ಅವರು ಹೇಳುತ್ತಾರೆ. ಯೋಚಿಸಿ ನೋಡಿ. ಕಡಲನ್ನು ಪ್ರೀತಿಸಲು ಜನರಿಗೆ ಕಲಿಸಿದ ಮನುಷ್ಯ, ಆ ಪ್ರೀತಿಯೇ ಕಡಲತೀರವನ್ನು ಬರಿದು ಮಾಡಿದ್ದನ್ನು ನೋಡಬೇಕಾಯಿತು. ಹೀಗಾದದ್ದು ಏಕೆ? ಗಾಸ್ ಒಂದು ಜೀವಿಯನ್ನು ತಂದರೆ ಅದನ್ನು ತಿಂಗಳುಗಟ್ಟಲೆ ನೋಡಿ, ಚಿತ್ರ ಬಿಡಿಸಿ, ಬರೆದಿಡುತ್ತಿದ್ದರು. ಅವರ ಓದುಗರಲ್ಲಿ ಬಹುಮಂದಿ ತಂದರು, ಆದರೆ ನೋಡಲಿಲ್ಲ.

ಊರಿನ ಕೆರೆಯನ್ನೇ ನೋಡಿ ಎಂದ ಮೇಷ್ಟ್ರು

ಜರ್ಮನಿಯಲ್ಲಿ ಈ ಹವ್ಯಾಸ ಬೇರೆ ದಾರಿ ಹಿಡಿಯಿತು. ಎಮಿಲ್ ರಾಸ್‌ಮೆಸ್ಲರ್ ಎಂಬವರು ಅರಣ್ಯ ವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕರಾಗಿದ್ದರು. 1848ರ ಕ್ರಾಂತಿಯಲ್ಲಿ ಭಾಗವಹಿಸಿದ ಕಾರಣ ಹುದ್ದೆ ಕಳೆದುಕೊಂಡರು. ಆ ಮೇಲೆ ಜನಸಾಮಾನ್ಯರಿಗೆ ವಿಜ್ಞಾನವನ್ನು ತಿಳಿಹೇಳುವ ಕೆಲಸಕ್ಕೆ ತಮ್ಮನ್ನು ಅರ್ಪಿಸಿಕೊಂಡರು. 1856ರಲ್ಲಿ ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ‘ಗಾಜಿನೊಳಗಿನ ಸರೋವರ’ ಎಂಬರ್ಥದ ಲೇಖನ ಬರೆದು, ಸಮುದ್ರವಿಲ್ಲದ ಊರಿನವರು ತಮ್ಮ ಊರಿನ ಕೆರೆ, ಹಳ್ಳಗಳ ಗಿಡ, ಹುಳು, ಮೀನುಗಳನ್ನೇ ತೊಟ್ಟಿಯಲ್ಲಿಟ್ಟು ಗಮನಿಸಬಹುದು ಎಂದು ತೋರಿಸಿದರು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಬಡವನೂ ಮಾಡಬಹುದು. ನೌಕರಿ ಹೋದರೂ ಮೇಷ್ಟ್ರಾಗಿಯೇ ಉಳಿದ ಈ ವ್ಯಕ್ತಿಯಿಂದಾಗಿ ಅಲ್ಲಿ ಸಿಹಿನೀರಿನ ಅಕ್ವೇರಿಯಂ ಮನೆಮಾತಾಯಿತು.

ಆದರೆ ಊರಿನ ಜೀವಿಗಳ ಮೇಲಿನ ಈ ಆಸಕ್ತಿ ಬಹುಕಾಲ ಉಳಿಯಲಿಲ್ಲ. 1869ರಲ್ಲಿ ಪಿಯರ್ ಕಾರ್ಬೊನಿಯರ್ ಎಂಬವರ ಕೈಗೆ ಪೂರ್ವ ಏಷ್ಯಾದ ಪ್ಯಾರಡೈಸ್ ಮೀನು ಪ್ಯಾರಿಸ್ಸಿನಲ್ಲಿ ಬಂತು. ಅದು ತೊಟ್ಟಿಯಲ್ಲೇ ಮರಿ ಮಾಡಿತು. ಮುಂದೆ ಹಡಗುಗಳು ವೇಗವಾಗಿ ಓಡತೊಡಗಿ, ಮನೆಗಳಿಗೆ ವಿದ್ಯುತ್ ಬಂದು ನೀರನ್ನು ಬೆಚ್ಚಗಿಡುವುದು ಸುಲಭವಾದ ಮೇಲೆ, ದೂರದೇಶದ ಬಣ್ಣದ ಮೀನುಗಳೇ ತೊಟ್ಟಿಗಳನ್ನು ತುಂಬಿದವು. ಕೆರೆಯ ಬಳಿಗೆ ಹೋಗುತ್ತಿದ್ದ ಹವ್ಯಾಸಿ ಅಂಗಡಿಗೆ ಹೋಗುವ ಗಿರಾಕಿಯಾದ. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಮ್ಮ ನೀರಿನ ಮೀನುಗಳಿಗೆ ಹೆಸರಿಟ್ಟವರು

ಯುರೋಪಿನವರಿಗೆ ದೂರದೇಶದ ಮೀನು ಎಂದರೆ ಅದರಲ್ಲಿ ನಮ್ಮ ದೇಶದ ಮೀನುಗಳೂ ಸೇರಿದ್ದವು. ಕರ್ನಾಟಕದ ಚರಿತ್ರೆ ಓದಿದವರಿಗೆ ಫ್ರಾನ್ಸಿಸ್ ಬುಕಾನನ್ ಹೆಸರು ಪರಿಚಿತ. ಟಿಪ್ಪು ಸುಲ್ತಾನರ ಪತನಾನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿ, ಇಲ್ಲಿನ ಬೆಳೆ, ಮಣ್ಣು, ಜನಜೀವನದ ಬಗ್ಗೆ ವರದಿ ಬರೆದವರು ಅವರೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡ ಈ ವೈದ್ಯ 1822ರಲ್ಲಿ ಗಂಗಾ ನದಿ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ ಗ್ರಂಥವೊಂದನ್ನು ಹೊರತಂದರು. 200ಕ್ಕೂ ಹೆಚ್ಚು ಮೀನುಗಳ ವಿವರಣೆ ಅದರಲ್ಲಿದೆ. ಅವುಗಳಲ್ಲಿ ನೀಲಿ ಪಟ್ಟೆಗಳ ಒಂದು ಪುಟ್ಟ ಮೀನೂ ಇತ್ತು. ಇಂದು ಜಗತ್ತು ಅದನ್ನು ಜೀಬ್ರಾ ಮೀನು ಎಂದು ಕರೆಯುತ್ತದೆ.

ಈ ಮೀನು ಅಂಗಡಿಯ ತೊಟ್ಟಿಯಿಂದ ಪ್ರಯೋಗಾಲಯಕ್ಕೆ ಹೋದ ಕಥೆ ಸ್ವಾರಸ್ಯಕರವಾಗಿದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಸ್ವತಃ ಮೀನು ಸಾಕುವ ಹವ್ಯಾಸಿಯಾಗಿದ್ದರು. ಆನುವಂಶಿಕತೆಯ ಅಧ್ಯಯನಕ್ಕೆ ಬೆನ್ನೆಲುಬುಳ್ಳ ಒಂದು ಸಣ್ಣ ಪ್ರಾಣಿಯನ್ನು ಹುಡುಕುತ್ತಿದ್ದ ಅವರು, ಜೀಬ್ರಾ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕವಾಗಿರುವುದನ್ನೂ, ಬೇಗನೆ ಬೆಳೆಯುವುದನ್ನೂ ಅರಿತಿದ್ದರು. 1981ರಲ್ಲಿ ಅವರ ತಂಡದ ಪ್ರಬಂಧ ಪ್ರಕಟವಾದ ಮೇಲೆ ಜಗತ್ತಿನೆಲ್ಲೆಡೆ ಪ್ರಯೋಗಾಲಯಗಳು ಈ ಮೀನನ್ನು ಸಾಕತೊಡಗಿದವು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇ. 70ಕ್ಕೆ ಸರಿಸಮನಾದ ಜೀನ್ ಜೀಬ್ರಾ ಮೀನಿನಲ್ಲಿದೆ. ಹೃದಯದ ಒಂದು ಭಾಗ ಹೋದರೂ ಮತ್ತೆ ಬೆಳೆಸಿಕೊಳ್ಳುವ ಅದರ ಶಕ್ತಿಯನ್ನು ವಿಜ್ಞಾನಿಗಳು ಕುತೂಹಲದಿಂದ ಅಧ್ಯಯನ ಮಾಡುತ್ತಿದ್ದಾರೆ. ನಮ್ಮ ದೇಶದ ತೊರೆಯಲ್ಲಿ ಹುಟ್ಟಿದ ಮೀನು ವೈದ್ಯಕೀಯ ಸಂಶೋಧನೆಯ ಸಂಗಾತಿಯಾದದ್ದು ಹೀಗೆ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಪಶ್ಚಿಮ ಘಟ್ಟದ ಕಪ್ಪೆಗಳ ಬಗ್ಗೆ ಅವರು ಮಾಡಿದ ಕೆಲಸದ ಗೌರವಾರ್ಥ 2010ರಲ್ಲಿ ಒಂದು ಕಪ್ಪೆ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಡಲಾಗಿದೆ. ಇದೇ ಮಹನೀಯರು 1920ರಲ್ಲಿ ಮೈಸೂರು ಸೀಮೆಯ ಮೀನುಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಶಿವಮೊಗ್ಗ ಸೀಮೆಯ ತುಂಗಾ ನದಿಯಿಂದ ಸಿಕ್ಕಿದ, ಮೈತುಂಬಾ ಪಟ್ಟೆಗಳಿರುವ ಒಂದು ಮೀನನ್ನು ವಿವರಿಸಿ ಬೋಟಿಯಾ ಸ್ಟ್ರಯೇಟಾ ಎಂದು ಹೆಸರಿಟ್ಟರು. ಆ ಪ್ರಬಂಧ ಪ್ರಕಟವಾದದ್ದು, ಆನಾ ಥಿನ್ ಅವರ ಹವಳಗಳ ಕಥೆ ಪ್ರಕಟವಾಗಿದ್ದ ಅದೇ ಪತ್ರಿಕೆಯಲ್ಲಿ.

ತುಂಗೆಯ ಪಟ್ಟೆ ಮೀನಿನ ಪಾಡು

ನದಿಯ ತಳದ ಕಲ್ಲು, ಮರಳಿನ ನಡುವೆ ಬದುಕುವ ಈ ಬೆರಳುದ್ದದ ಮೀನು ತನ್ನ ಪಟ್ಟೆಗಳಿಂದಾಗಿ ವಿದೇಶದ ಹವ್ಯಾಸಿಗಳ ಕಣ್ಣಿಗೆ ಬಿತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, 2005ರಿಂದ 2012ರ ವರೆಗೆ ಭಾರತದಿಂದ ರಫ್ತಾದ ಅಪಾಯದಂಚಿನ ಸಿಹಿನೀರಿನ ಮೀನುಗಳ ಲೆಕ್ಕ ಹಾಕಿತು. 30 ಜಾತಿಗಳಿಗೆ ಸೇರಿದ, ಕನಿಷ್ಠ 15 ಲಕ್ಷ ಮೀನುಗಳು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಹೋದದ್ದು ನಾರಾಯಣ ರಾವ್ ಅವರು ಹೆಸರಿಟ್ಟ ಮೀನೇ. 3 ಲಕ್ಷ 80 ಸಾವಿರಕ್ಕೂ ಅಧಿಕ! ತುಂಗೆಯ ದಡದವರಿಗೆ ಈ ಮೀನಿನ ಪರಿಚಯವಾಗುವ ಮೊದಲೇ ಅದು ವಿಮಾನ ಹತ್ತಿ ಹೋಗಿತ್ತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಮೀನು.

ಇದೇ ಬಗೆಯ ಇನ್ನೊಂದು ಕಥೆ ‘ಮಿಸ್ ಕೇರಳ’ ಎಂದು ಪ್ರಸಿದ್ಧವಾದ ಡೆನಿಸನ್ ಮೀನಿನದ್ದು. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಕೆಂಪು ಗೆರೆ ಇರುವ ಈ ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯರು ವಿವರಿಸಿ, ಮದರಾಸು ಗವರ್ನರ್ ಆಗಿದ್ದ ಸರ್ ವಿಲಿಯಂ ಡೆನಿಸನ್ ಅವರ ಹೆಸರಿಟ್ಟರು. 1990ರ ದಶಕದಲ್ಲಿ ವಿದೇಶದಲ್ಲಿ ಅದಕ್ಕೆ ಬೇಡಿಕೆ ಬಂದು, ಪಶ್ಚಿಮ ಘಟ್ಟದ ಹೊಳೆಗಳಿಂದ ಹಿಡಿದು ಮಾರುವ ದಂಧೆ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ಕಾಲಮಿತಿಯ ನಿರ್ಬಂಧ ಹಾಕಿತು. ಆದರೆ ಅನಂತರದ ಅಧ್ಯಯನದಿಂದ ತಿಳಿದದ್ದು, ಆ ಮೀನು ಮೊಟ್ಟೆಯಿಡುವ ಕಾಲವೇ ಬೇರೆ ಎಂದು! ಸರಿಯಾದ ತಿಳಿವಳಿಕೆ ಇಲ್ಲದಿದ್ದರೆ ಒಳ್ಳೆಯ ಉದ್ದೇಶದ ಕಾನೂನು ಕೂಡ ಗುರಿ ತಪ್ಪುತ್ತದೆ. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯಲ್ಲಿ ಈ ಮೀನನ್ನು ಮೊದಲ ಪರಿಚ್ಛೇದಕ್ಕೆ ಸೇರಿಸಲಾಯಿತು.

ಹಾಗೆಂದು ಹಿಡಿಯುವವರನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಹೊಳೆಯ ಮರಳು ತೆಗೆದವರು, ನೀರಿಗೆ ವಿಷ ಹಾಕಿ ಮೀನು ಹಿಡಿದವರು, ಕೊಳಚೆ ಹರಿಸಿದವರು ನಾವೇ ಅಲ್ಲವೇ? ಇದಕ್ಕೆ ವ್ಯತಿರಿಕ್ತವಾಗಿ ಅದೇ ತುಂಗೆಯ ದಡದ ಶೃಂಗೇರಿಯಲ್ಲಿ, ದೇವಸ್ಥಾನದ ಬಳಿಯ ಮೀನುಗಳಿಗೆ ಭಕ್ತರು ಮಂಡಕ್ಕಿ ಹಾಕುತ್ತಾರೆ, ಯಾರೂ ಅವನ್ನು ಹಿಡಿಯುವುದಿಲ್ಲ. ಗಾಜಿನ ತೊಟ್ಟಿಯಿಲ್ಲದೆಯೂ ಮೀನನ್ನು ನೋಡಿ ಸಂತೋಷಪಡಲು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತೊಟ್ಟಿಯಿಂದ ಹೊರಬಂದವುಗಳು

ತರುವುದರಿಂದ ಆಗುವ ಹಾನಿಯಂತೆಯೇ ಬಿಡುವುದರಿಂದ ಆಗುವ ಹಾನಿಯೂ ಇದೆ. ಮೀನು ದೊಡ್ಡದಾಯಿತು, ಸಾಕಿ ಬೇಸರ ಬಂತು, ಕೊಲ್ಲಲು ಮನಸ್ಸಿಲ್ಲ. ಆಗ ನಾವು ಮಾಡುವುದೇನು? ‘ಪಾಪ, ಬದುಕಿಕೊಳ್ಳಲಿ’ ಎಂದು ಹತ್ತಿರದ ಕೆರೆಗೋ ಹೊಳೆಗೋ ಬಿಡುತ್ತೇವೆ. ಕರುಣೆಯಿಂದ ಮಾಡಿದ ಈ ಕೆಲಸದ ಪರಿಣಾಮ ಮಾತ್ರ ಕ್ರೂರವಾದದ್ದು.

ತೊಟ್ಟಿಯ ಪಾಚಿ ತಿನ್ನುತ್ತದೆಂದು ಅಂಗಡಿಯಲ್ಲಿ ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಭಾರತದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟಿದೆ. ಗಟ್ಟಿ ಕವಚದ ಈ ಮೀನು ಮೀನುಗಾರರ ಬಲೆಯನ್ನು ಹರಿಯುತ್ತದೆ, ಊರಿನ ಮೀನುಗಳ ಜಾಗವನ್ನು ಆಕ್ರಮಿಸುತ್ತದೆ. ಕಿವಿಯ ಬಳಿ ಕೆಂಪು ಗುರುತಿರುವ ಅಮೆರಿಕದ ಪುಟಾಣಿ ಆಮೆ, ಜಗತ್ತಿನ ಅತ್ಯಂತ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅಮೆರಿಕದ ಫ್ಲಾರಿಡಾ ತೀರದಲ್ಲಿ 1985ರಲ್ಲಿ ಮೊದಲು ಕಂಡ ಸಿಂಹ ಮೀನು, ಇಂದು ಕೆರಿಬಿಯನ್ ಸಮುದ್ರವನ್ನೆಲ್ಲ ಆವರಿಸಿ ಅಲ್ಲಿನ ಹವಳದ ದಿಬ್ಬಗಳ ಸಣ್ಣ ಮೀನುಗಳನ್ನು ಕಬಳಿಸುತ್ತಿದೆ. ಮಲೇರಿಯಾ ತಡೆಗೆಂದು ನಮ್ಮ ಬಾವಿ, ಕೆರೆಗಳಿಗೆ ಬಿಟ್ಟ ಗಪ್ಪಿ, ಗಂಬೂಸಿಯಾ ಮೀನುಗಳೂ ವಿದೇಶದವೇ. ಆದರೆ ಆರಂಭದಲ್ಲಿ ಹೇಳಿದ, ತಲೆಯ ಮೇಲೆ ಬೆಳ್ಳಿ ಚುಕ್ಕೆಯಿರುವ ನಮ್ಮ ಗದ್ದೆಯ ಮೀನು ಕೂಡ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಅದರ ಹೆಸರು ಪ್ಯಾಂಚಾಕ್ಸ್. ಮನೆಯಲ್ಲೇ ಇದ್ದ ಕಾವಲುಗಾರನನ್ನು ಗುರುತಿಸದೆ ದೂರದಿಂದ ಬೇರೊಬ್ಬನನ್ನು ಕರೆಸಿದಂತಾಯಿತು.

ಬಕೆಟ್ಟಿಗೆ ಬಂದ ಅತಿಥಿ

ಎಲ್ಲವೂ ಮುಗಿದುಹೋಯಿತೆಂದು ನಿರಾಶರಾಗಬೇಕಿಲ್ಲ. ನೋಡುವ ಕಣ್ಣುಗಳಿಗೆ ಇಂದಿಗೂ ಅಚ್ಚರಿಗಳು ಕಾದಿವೆ. 2018ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೇಂಗರ ಬಳಿ, ಗದ್ದೆಯ ನೀರಿನಲ್ಲಿ ವಿಚಿತ್ರವಾದ ಒಂದು ಉದ್ದನೆಯ ಮೀನು ಸ್ಥಳೀಯರ ಕಣ್ಣಿಗೆ ಬಿತ್ತು. ಅದರ ಚಿತ್ರ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿ ವಿಜ್ಞಾನಿಗಳನ್ನು ತಲುಪಿತು. ನೆಲದಡಿಯ ನೀರಿನಲ್ಲಿ ವಾಸಿಸುವ ಈ ಮೀನು ಜಗತ್ತಿಗೇ ಹೊಸದು ಎಂದು ತಿಳಿದು 2019ರಲ್ಲಿ ಹೆಸರು ಪಡೆಯಿತು. ಮರುವರ್ಷ ಅದಕ್ಕಾಗಿ ಒಂದು ಹೊಸ ಕುಟುಂಬವನ್ನೇ ರಚಿಸಬೇಕಾಯಿತು.

ಇದಕ್ಕಿಂತಲೂ ಸೋಜಿಗದ ಘಟನೆ ಚೆಂಗನ್ನೂರಿನದ್ದು. ಅಲ್ಲಿನ ಗೃಹಸ್ಥರೊಬ್ಬರು ಸ್ನಾನಕ್ಕೆಂದು ಬಕೆಟ್ಟಿಗೆ ನೀರು ಹಿಡಿದಾಗ, ಬಾವಿಯ ನೀರಿನೊಂದಿಗೆ ಕೆಂಪು ದಾರದಂತಹ ಒಂದು ಜೀವಿ ಬಂತು. ಹುಳುವೆಂದು ಚೆಲ್ಲಿಬಿಡಬಹುದಿತ್ತು. ಅವರು ಚೆಲ್ಲಲಿಲ್ಲ, ಬಲ್ಲವರಿಗೆ ತಿಳಿಸಿದರು. ಅದು ಪಾತಾಳದ ನೀರಿನಲ್ಲಿ ವಾಸಿಸುವ ಮೀನೆಂದು ಗೊತ್ತಾಗಿ, ಪಾಂಜಿಯೋ ಪಾತಾಲ ಎಂದು ನಾಮಕರಣವಾಯಿತು. ಮೆಸ್ಸಿನಾದ ಕಸೂತಿಗಾರ್ತಿಗೂ ಚೆಂಗನ್ನೂರಿನ ಗೃಹಸ್ಥರಿಗೂ ನಡುವೆ ಸುಮಾರು 190 ವರ್ಷಗಳ ಅಂತರವಿದ್ದರೂ, ಇಬ್ಬರಲ್ಲೂ ಇದ್ದದ್ದು ಒಂದೇ ಗುಣ: ಕಣ್ಣಿಗೆ ಬಿದ್ದದ್ದನ್ನು ಕಡೆಗಣಿಸದಿರುವುದು. ಕೇರಳದ ಮುರಕಲ್ಲಿನ ನೆಲವೇ ನಮ್ಮ ಕರಾವಳಿಗೂ ಚಾಚಿದೆ. ನಮ್ಮ ಬಾವಿಗಳಲ್ಲಿ ಯಾವ ಅತಿಥಿ ಇರಬಹುದೆಂದು ಯಾರು ಬಲ್ಲರು?

ನಾವೇನು ಮಾಡಬಹುದು?

ಮನೆಯಲ್ಲಿ ಅಕ್ವೇರಿಯಂ ಇಡುವುದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಗುವಿಗೆ ಜವಾಬ್ದಾರಿ ಕಲಿಸಲು ಇದಕ್ಕಿಂತ ಉತ್ತಮ ಸಾಧನ ಕಡಿಮೆ. ಬಾಯಿಲ್ಲದ ಜೀವಿಯ ಹಸಿವು, ಉಸಿರು ನಮ್ಮ ಕೈಯಲ್ಲಿದೆ ಎಂಬ ಅರಿವು ಸಣ್ಣದಲ್ಲ. ಆದರೆ ಕೆಲವು ಎಚ್ಚರಿಕೆಗಳು ಅಗತ್ಯ. ಕಿರಿದಾದ ಗಾಜಿನ ಗೋಲದಲ್ಲಿ ಚಿನ್ನದ ಮೀನನ್ನು ಇಡಬೇಡಿ, ಅದು ಮೀನಿಗೆ ಸೆರೆಮನೆ. ತೊಟ್ಟಿಯನ್ನು ಸಿದ್ಧಪಡಿಸಿ ಕೆಲವು ವಾರಗಳ ಬಳಿಕ, ಒಂದೆರಡು ಮೀನುಗಳಿಂದ ಆರಂಭಿಸಿ. ಕೊಳ್ಳುವಾಗ ಸಾಕಿ ಮರಿ ಮಾಡಿದ ಮೀನೇ ಎಂದು ಕೇಳಿ ತಿಳಿಯಿರಿ. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ, ಯಾವ ಕಾರಣಕ್ಕೂ ಕೆರೆ ಹೊಳೆಗಳಿಗೆ ಬಿಡಬೇಡಿ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟರೆ ಅದೃಷ್ಟ ಎಂದು ಯಾರಾದರೂ ಹೇಳಿದರೆ, ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧವೆಂದು ಅವರಿಗೆ ತಿಳಿಹೇಳಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಮಳೆಗಾಲದಲ್ಲಿ ದೊಡ್ಡವರೊಂದಿಗೆ ನಿಮ್ಮ ಮನೆಯ ಹತ್ತಿರದ ತೋಡಿಗೋ ಕೆರೆಗೋ ಹೋಗಿ. ಒಂದು ನೋಟ್ ಪುಸ್ತಕವನ್ನು ಜೊತೆಗಿರಿಸಿ. ಕಂಡ ಮೀನು, ಕಪ್ಪೆ, ಏಡಿ, ಬಸವನಹುಳುಗಳನ್ನು ದಿನಾಂಕ ಸಹಿತ ಬರೆದಿಡಿ. ಬಾಟಲಿಯಲ್ಲಿ ಹಿಡಿದು ನೋಡಿದರೆ, ಚಿತ್ರ ಬಿಡಿಸಿ ಅಲ್ಲೇ ಬಿಟ್ಟುಬಿಡಿ. ಅಜ್ಜನನ್ನೋ ಮೀನು ಹಿಡಿಯುವ ಅಣ್ಣನನ್ನೋ ಕೇಳಿ ಅದರ ಊರಿನ ಹೆಸರನ್ನು ಬರೆದುಕೊಳ್ಳಿ. ಆ ಹೆಸರುಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲದಿರಬಹುದು, ಹೇಳುವವರು ಇಲ್ಲವಾದರೆ ಅವೂ ಇಲ್ಲವಾಗುತ್ತವೆ. ಐದು ವರ್ಷ ಹೀಗೆ ಬರೆದ ಪುಸ್ತಕ ನಿಮ್ಮಲ್ಲಿದ್ದರೆ, ನಿಮ್ಮ ತೋಡಿನ ಬಗ್ಗೆ ನಿಮ್ಮಷ್ಟು ತಿಳಿದವರು ಬೇರೆ ಯಾರೂ ಇರಲಾರರು.

ಗಾಜಿನ ತೊಟ್ಟಿಯ ಚರಿತ್ರೆಯಲ್ಲಿ ನೋಡಿದವರೂ ಇದ್ದಾರೆ, ಬಾಚಿದವರೂ ಇದ್ದಾರೆ. ನೋಡಿದವರು ಜ್ಞಾನವನ್ನು ಬಿಟ್ಟುಹೋದರು, ಬಾಚಿದವರು ಬರಿದಾದ ಗುಂಡಿಗಳನ್ನು ಬಿಟ್ಟುಹೋದರು. ಮನೆಯ ಹಿಂದಿನ ತೋಡು ಇನ್ನೂ ಹರಿಯುತ್ತಿದೆ. ನಮ್ಮ ಮಕ್ಕಳಿಗೆ ನಾವು ಯಾವುದನ್ನು ಬಿಟ್ಟುಹೋಗುತ್ತೇವೆ ಎಂಬುದನ್ನು ನಾವೇ ತೀರ್ಮಾನಿಸಬೇಕಾಗಿದೆ.